ಅವರಿಬ್ಬರು ಎದುರುಬದುರು ಕೂರುತ್ತಾರಾ? ಅಂದಾಜು ಕಟ್ಟುವ ಕೆಲಸದ ಪಾಠಗಳು

ನಾನು ಮಾಡುವ ಕೆಲಸವನ್ನು ನೆಂಟರಿಷ್ಟರಿಗೆ ವಿವರಿಸುವುದು ಕಷ್ಟ. ಇಂಥ ತಾರೀಖಿನೊಳಗೆ ಇಂಥದ್ದು ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಶೇಕಡಾ ಲೆಕ್ಕದಲ್ಲಿ ಉತ್ತರ ಬರೆದಿಡುತ್ತೇನೆ. ತಾರೀಖು ಕಳೆದ ಮೇಲೆ ಆ ಉತ್ತರಕ್ಕೆ ಅಂಕ ಬೀಳುತ್ತದೆ. ಅಂಕ ಹಾಕುವ ವಿಧಾನ ಹವಾಮಾನ ಇಲಾಖೆಗಳ ಕಡೆಯಿಂದ ಬಂದದ್ದು. 1950ರಲ್ಲಿ ಗ್ಲೆನ್ ಬ್ರಿಯರ್ ಎಂಬ ಅಮೆರಿಕದ ಹವಾಮಾನ ತಜ್ಞ ಅದನ್ನು ಮುಂದಿಟ್ಟ. ಮುಂದೆ 2011ರಿಂದ 2015ರವರೆಗೆ ಅಮೆರಿಕದ ಗುಪ್ತಚರ ವಲಯದ ಸಂಶೋಧನಾ ಸಂಸ್ಥೆಯೊಂದು ಮುನ್ಸೂಚನೆಯ ಪಂದ್ಯವನ್ನೇ ಏರ್ಪಡಿಸಿತು. ಫಿಲಿಪ್ ಟೆಟ್‌ಲಾಕ್ ಅವರ ತಂಡದಲ್ಲಿದ್ದ ಸಾಮಾನ್ಯ ಓದುಗರು ಅಲ್ಲಿ ಮೇಲುಗೈ ಸಾಧಿಸಿದ ಮೇಲೆ, ಇದು ಪಂಡಿತರಷ್ಟೇ ಮಾಡುವ ಕೆಲಸವಲ್ಲ ಎಂಬ ಧೈರ್ಯ ನಮ್ಮಂಥವರಿಗೆ ಬಂತು.

ಈ ಕಸುಬಿನಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದಿದೆ: ಯುದ್ಧದಲ್ಲಿರುವ ಎರಡು ದೇಶಗಳ ನಾಯಕರು ಇಷ್ಟರೊಳಗೆ ನೇರವಾಗಿ ಮಾತನಾಡುತ್ತಾರೆಯೇ? 2022ರ ಫೆಬ್ರುವರಿಯಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಗಳು ಖಾರ್ಕಿವ್‌ನ ನೆಲಮಾಳಿಗೆಗಳಲ್ಲಿ ಕೂತು ಮನೆಗೆ ಫೋನ್ ಮಾಡುತ್ತಿದ್ದಾಗ ನಮ್ಮ ಊರುಗಳಲ್ಲೂ ಇದೇ ಮಾತು ಓಡಾಡುತ್ತಿತ್ತು. ಕೇಳುವವರ ಮನಸ್ಸಿನಲ್ಲಿ ಇದ್ದದ್ದು ಆಸೆ. ಅಂದಾಜು ಕಟ್ಟುವವನು ಆ ಆಸೆಯನ್ನು ಪಕ್ಕಕ್ಕಿಟ್ಟು ಕೂರಬೇಕು. ಹಾಗೆ ಕೂತು ಕಲಿತದ್ದು ಇಲ್ಲಿದೆ.

1. ಪ್ರಶ್ನೆಯನ್ನು ವಕೀಲನಂತೆ ಓದಿ

‘ನೇರ ಮಾತುಕತೆ’ ಅಂದರೆ ಏನೇನೆಲ್ಲ ಆಗಬಹುದು ನೋಡಿ. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ್ದು 2022ರ ಫೆಬ್ರುವರಿ 24ಕ್ಕೆ. ನಾಲ್ಕೇ ದಿನದಲ್ಲಿ, ಫೆಬ್ರುವರಿ 28ರಂದು, ಬೆಲಾರುಸ್‌ನ ಗೋಮೆಲ್ ಪ್ರದೇಶದಲ್ಲಿ ಎರಡೂ ಕಡೆಯ ನಿಯೋಗಗಳು ಒಂದೇ ಮೇಜಿಗೆ ಕೂತವು. ಮಾರ್ಚ್ 10ರಂದು ಅಂಟಾಲ್ಯದಲ್ಲಿ ವಿದೇಶಾಂಗ ಸಚಿವರಾದ ಲಾವ್ರೋವ್ ಮತ್ತು ಕುಲೆಬಾ ಭೇಟಿಯಾದರು. ಮಾರ್ಚ್ 29ರಂದು ಇಸ್ತಾಂಬುಲ್. ‘ದೇಶಗಳು ಮಾತಾಡುತ್ತವೆಯೇ’ ಎಂದು ಕೇಳಿದ್ದರೆ ಉತ್ತರ ಒಂದು ವಾರದೊಳಗೇ ‘ಹೌದು’. ‘ನಾಯಕರು ಮಾತಾಡುತ್ತಾರೆಯೇ’ ಎಂದು ಕೇಳಿದ್ದರೆ 2025 ಮುಗಿದಾಗಲೂ ‘ಇಲ್ಲ’. ಪುಟಿನ್ ಮತ್ತು ಝೆಲೆನ್ಸ್ಕಿ ಮುಖತಃ ಭೇಟಿಯಾದದ್ದು ಒಂದೇ ಸಲ, ಅದೂ ಪೂರ್ಣ ಯುದ್ಧಕ್ಕೆ ಮುಂಚೆ, 2019ರ ಡಿಸೆಂಬರ್ 9ರಂದು ಪ್ಯಾರಿಸ್ಸಿನಲ್ಲಿ, ಮ್ಯಾಕ್ರಾನ್ ಮತ್ತು ಮರ್ಕೆಲ್ ಜೊತೆಗಿದ್ದಾಗ.

ಇನ್ನೂ ತಕರಾರಿನ ಉದಾಹರಣೆ ಬೇಕಿದ್ದರೆ 2022ರ ಜುಲೈ 22ರ ಧಾನ್ಯ ಒಪ್ಪಂದ ನೋಡಿ. ಇಸ್ತಾಂಬುಲ್‌ನ ಡೋಲ್ಮಾಬಾಚೆ ಅರಮನೆಯ ಒಂದೇ ಸಭಾಂಗಣದಲ್ಲಿ ರಷ್ಯಾದ ಶೋಯಿಗು, ಉಕ್ರೇನ್‌ನ ಕುಬ್ರಕೋವ್ ಇಬ್ಬರೂ ಇದ್ದರು. ಆದರೆ ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಲಿಲ್ಲ. ಒಬ್ಬೊಬ್ಬರೂ ಟರ್ಕಿ ಮತ್ತು ವಿಶ್ವಸಂಸ್ಥೆಯ ಜೊತೆ ಬೇರೆ ಬೇರೆ ದಾಖಲೆಗೆ ಸಹಿ ಮಾಡಿದರು. ನಮ್ಮ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯ ಬೆಲೆಯನ್ನೂ ತಟ್ಟಿದ್ದ ಕಪ್ಪು ಸಮುದ್ರದ ದಾರಿ ಹಾಗೆ ತೆರೆಯಿತು. ಇದು ನೇರ ಒಪ್ಪಂದವೋ ಅಲ್ಲವೋ? ಪ್ರಶ್ನೆ ಬರೆದವನು ಅದನ್ನು ಮೊದಲೇ ಹೇಳಿರದಿದ್ದರೆ ಜಗಳ ಖಾತ್ರಿ.

ಕ್ಯಾಂಪ್ ಡೇವಿಡ್ ಕೂಡ ಹಾಗೆಯೇ. 1978ರ ಸೆಪ್ಟೆಂಬರ್ 5ರಿಂದ 17ರವರೆಗೆ ಈಜಿಪ್ಟಿನ ಸಾದಾತ್ ಮತ್ತು ಇಸ್ರೇಲಿನ ಬೆಗಿನ್ ಒಂದೇ ಆವರಣದಲ್ಲಿದ್ದರು. ಮೊದಲ ದಿನಗಳ ಭೇಟಿಗಳು ಕಿರುಚಾಟದಲ್ಲಿ ಮುಗಿದ ಮೇಲೆ ಅಮೆರಿಕದ ಅಧ್ಯಕ್ಷ ಕಾರ್ಟರ್ ಕರಡುಗಳನ್ನು ಹಿಡಿದು ಒಂದು ಕಾಟೇಜಿನಿಂದ ಇನ್ನೊಂದಕ್ಕೆ ಓಡಾಡಿದರು. ಇತಿಹಾಸದ ಪುಸ್ತಕಕ್ಕೆ ಅದು ನೇರ ಮಾತುಕತೆ. ಕಟ್ಟುನಿಟ್ಟಿನ ನಿಯಮಕ್ಕೆ, ಬಹುಪಾಲು ದಿನ, ಅಲ್ಲ.

ಆದ್ದರಿಂದ ಅಂಕಿ ಬರೆಯುವ ಮುಂಚೆ ಪಟ್ಟಿ ಮಾಡಿಕೊಳ್ಳುತ್ತೇನೆ: ಫೋನ್ ಲೆಕ್ಕಕ್ಕೆ ಬರುತ್ತದೆಯೇ? ವಿಡಿಯೊ ಕರೆ? ಮೂರನೆಯವನ ಸಮ್ಮುಖದಲ್ಲಿ ಕೂತರೆ? ಬಹುಪಕ್ಷೀಯ ಸಭೆಯ ಮೊಗಸಾಲೆಯಲ್ಲಿ ಕೈಕುಲುಕಿದರೆ? ಇದು ಅತಿ ಎನ್ನುವವರು 2025ರಲ್ಲಿ ಪಾಲಿಮಾರ್ಕೆಟ್ ಎಂಬ ಪಂದ್ಯದ ಮಾರುಕಟ್ಟೆಯಲ್ಲಿ ಎದ್ದ ಗಲಾಟೆಯನ್ನು ನೆನಪಿಸಿಕೊಳ್ಳಲಿ. ಝೆಲೆನ್ಸ್ಕಿ ಜುಲೈ ಒಳಗೆ ಸೂಟ್ ಹಾಕುತ್ತಾರೆಯೇ ಎಂಬುದು ಪ್ರಶ್ನೆ. ಅವರು ಜೂನ್‌ನಲ್ಲಿ ಕಪ್ಪು ಕೋಟು ತೊಟ್ಟು ಬಂದರು. ಅದು ಸೂಟ್ ಹೌದೋ ಅಲ್ಲವೋ ಎಂದು ದುಡ್ಡು ಹಾಕಿದವರೆಲ್ಲ ಕಿತ್ತಾಡಿದರು. ಕೋಟಿನ ವಿಷಯದಲ್ಲೇ ಹೀಗಾದರೆ ಮಾತುಕತೆಯ ವಿಷಯದಲ್ಲಿ ಹೇಳುವುದೇ ಬೇಡ.

2. ಮೊದಲು ಹಿಂದಿನ ಯುದ್ಧಗಳನ್ನು ಎಣಿಸಿ, ಆಮೇಲೆ ಇಂದಿನ ಪತ್ರಿಕೆ ಬಿಡಿಸಿ

ಕೊರಿಯಾದಲ್ಲಿ 1951ರ ಜುಲೈ 10ರಂದು ಶುರುವಾದ ಕದನವಿರಾಮದ ಮಾತು 1953ರ ಜುಲೈ 27ರಂದು ಮುಗಿಯಿತು. ಎರಡು ವರ್ಷವೂ ಮೇಜಿನ ಸುತ್ತ ಇದ್ದವರು ಸೇನಾಧಿಕಾರಿಗಳು. ಕಿಮ್ ಇಲ್ ಸುಂಗ್ ಮತ್ತು ಸಿಂಗ್‌ಮನ್ ರೀ ಎಂದೂ ಕೂರಲಿಲ್ಲ. ಉತ್ತರ–ದಕ್ಷಿಣದ ನಾಯಕರ ಮೊದಲ ಶೃಂಗಸಭೆಗೆ 2000ದ ಜೂನ್ ಬರಬೇಕಾಯಿತು. ಇರಾನ್–ಇರಾಕ್ ಯುದ್ಧ ಎಂಟು ವರ್ಷ ನಡೆಯಿತು, ಖೊಮೇನಿ ಮತ್ತು ಸದ್ದಾಂ ಭೇಟಿಯಾಗಲಿಲ್ಲ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಥ್ಯಾಚರ್ ಮತ್ತು ಗಾಲ್ಟಿಯೇರಿ ಭೇಟಿಯಾಗಲಿಲ್ಲ.

ಭೇಟಿಯಾದವರನ್ನೂ ನೋಡೋಣ. ಶಾಸ್ತ್ರಿ ಮತ್ತು ಅಯೂಬ್ ಖಾನ್ ತಾಷ್ಕೆಂಟ್‌ನಲ್ಲಿ ಕೂತದ್ದು 1966ರ ಜನವರಿಯಲ್ಲಿ. ಗುಂಡು ನಿಂತದ್ದು ಅದಕ್ಕೆ ಮೂರು ತಿಂಗಳ ಹಿಂದೆ, ಸೆಪ್ಟೆಂಬರ್‌ನಲ್ಲಿ. ಬಾಂಗ್ಲಾ ಯುದ್ಧ 1971ರ ಡಿಸೆಂಬರ್ 16ಕ್ಕೆ ಮುಗಿಯಿತು, ಇಂದಿರಾ ಗಾಂಧಿ ಮತ್ತು ಭುಟ್ಟೊ ಶಿಮ್ಲಾದಲ್ಲಿ ಸೇರಿದ್ದು ಮುಂದಿನ ಜೂನ್ 28ಕ್ಕೆ. ಇಥಿಯೋಪಿಯಾ–ಎರಿಟ್ರಿಯಾ ಹೋರಾಟ 2000ದ ಜೂನ್‌ನಲ್ಲಿ ನಿಂತಿತು, ಮೆಲೆಸ್ ಮತ್ತು ಇಸಾಯಾಸ್ ಅಲ್ಜೀರ್ಸ್‌ನಲ್ಲಿ ಸಹಿ ಹಾಕಿದ್ದು ಡಿಸೆಂಬರ್ 12ಕ್ಕೆ. ಮಾದರಿ ಕಾಣುತ್ತದಲ್ಲ? ಮೊದಲು ಬಂದೂಕು ತಣ್ಣಗಾಗುತ್ತದೆ, ಆಮೇಲೆ ನಾಯಕರು ಬರುತ್ತಾರೆ. ಗುಂಡು ಹಾರುತ್ತಿರುವಾಗಲೇ ಇಬ್ಬರು ಮುಖ್ಯಸ್ಥರು ಕೂತ ಪ್ರಸಂಗ ಹುಡುಕಲು ಹೊರಟರೆ ಕೈಗೆ ಸಿಗುವುದು ತೀರ ಕಡಿಮೆ.

ಅಜರ್ಬೈಜಾನ್‌ನ ಅಲಿಯೇವ್ ಮತ್ತು ಅರ್ಮೇನಿಯಾದ ಪಶಿನ್ಯಾನ್ ಪದೇ ಪದೇ ಭೇಟಿಯಾಗಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಆ ಭೇಟಿಗಳು ಹೆಚ್ಚಾಗಿ ದೊಡ್ಡ ಕಾಳಗಗಳ ನಡುವಿನ ಬಿಡುವಿನಲ್ಲಿ ಆದವು. 2022ರ ಸೆಪ್ಟೆಂಬರ್‌ನ ಗಡಿ ಕಾಳಗ ನಿಂತ ಮೇಲೆ ಅಕ್ಟೋಬರ್ 6ರಂದು ಪ್ರಾಗ್‌ನಲ್ಲಿ ಕೂತರು. ಹಾಗಾಗಿ ನನ್ನ ಮೊದಲ ವಿಭಜನೆ ಯಾವಾಗಲೂ ಇದೇ: ಕದನವಿರಾಮ ಇದೆಯೋ ಇಲ್ಲವೋ. ಇಲ್ಲದಿದ್ದರೆ ಒಂದಂಕಿಯಿಂದ ಶುರು ಮಾಡುತ್ತೇನೆ.

3. ಗಡುವು ಹತ್ತಿರವಾದಂತೆ ಅಂಕಿಯೂ ಕರಗಬೇಕು

ತಿಂಗಳಿಗೆ ಶೇ. 3ರಷ್ಟು ಸಾಧ್ಯತೆ ಇದೆ ಎಂದಿಟ್ಟುಕೊಳ್ಳಿ. ಒಂದು ವರ್ಷಕ್ಕೆ ಅದು ಶೇ. 31ರ ಆಸುಪಾಸು ಆಗುತ್ತದೆ. ಏನೂ ನಡೆಯದೆ ಆರು ತಿಂಗಳು ಕಳೆದರೆ ಉಳಿದ ಅರ್ಧಕ್ಕೆ ಶೇ. 17. ಮೂರೇ ತಿಂಗಳು ಉಳಿದಾಗ ಶೇ. 9. ಸುದ್ದಿ ಬದಲಾಗದಿದ್ದರೂ ಅಂಕಿ ಇಳಿಯಬೇಕು. ಬಹಳ ಮಂದಿ ಜನವರಿಯಲ್ಲಿ ಬರೆದದ್ದನ್ನು ಅಕ್ಟೋಬರ್‌ವರೆಗೂ ಹಾಗೇ ಬಿಟ್ಟಿರುತ್ತಾರೆ.

4. ‘ಸಿದ್ಧ’ ಎಂಬ ಮಾತಿನ ಬಾಲದಲ್ಲಿ ಏನಿದೆ ನೋಡಿ

ಎಲ್ಲ ನಾಯಕರೂ ಎಲ್ಲ ಕಾಲಕ್ಕೂ ಮಾತಿಗೆ ಸಿದ್ಧರೇ. ಸಿದ್ಧನಿಲ್ಲ ಎಂದು ಹೇಳಿ ಲೋಕದ ಕಣ್ಣಲ್ಲಿ ಕೆಟ್ಟವನಾಗಲು ಯಾರಿಗೂ ಇಷ್ಟವಿಲ್ಲ. ಮದುವೆ ನಿಶ್ಚಯವಾಯಿತು ಅನ್ನುವವರನ್ನು ನಾವು ‘ಛತ್ರ ಯಾವುದು, ಮುಹೂರ್ತ ಯಾವತ್ತು’ ಎಂದು ಕೇಳುತ್ತೇವಲ್ಲ, ಇಲ್ಲೂ ಹಾಗೆಯೇ ಕೇಳಬೇಕು.

2025ರ ಮೇ ತಿಂಗಳು ಇದಕ್ಕೆ ಒಳ್ಳೆಯ ಪಾಠಶಾಲೆ. ಮೇ 11ರ ನಸುಕಿನಲ್ಲಿ ಪುಟಿನ್ ಇಸ್ತಾಂಬುಲ್‌ನಲ್ಲಿ 15ರಂದು ನೇರ ಮಾತುಕತೆ ಆಗಲಿ ಎಂದರು. ಸ್ಥಳ ಇದೆ, ದಿನ ಇದೆ. ಅದೇ ದಿನ ಝೆಲೆನ್ಸ್ಕಿ, ಗುರುವಾರ ಟರ್ಕಿಯಲ್ಲಿ ಪುಟಿನ್‌ಗಾಗಿ ಖುದ್ದು ಕಾಯುತ್ತೇನೆ ಎಂದು ಪಟ್ಟು ಹಾಕಿದರು. ಟಿವಿಗಳಲ್ಲಿ ಕೌಂಟ್‌ಡೌನ್ ಶುರುವಾಯಿತು. ಆದರೆ ಪುಟಿನ್ ತಮ್ಮ ಮಾತಿನಲ್ಲಿ ತಾನೇ ಬರುತ್ತೇನೆ ಎಂದು ಎಲ್ಲೂ ಹೇಳಿರಲಿಲ್ಲ, 2022ರ ಮಾತುಕತೆಯನ್ನು ಮುಂದುವರಿಸೋಣ ಎಂದಿದ್ದರು. ಆ ಮಾತುಕತೆಯಲ್ಲಿ ರಷ್ಯಾದ ನಿಯೋಗವನ್ನು ನಡೆಸಿದ್ದವರು ಮೆದಿನ್‌ಸ್ಕಿ. ಬಂದವರೂ ಮೆದಿನ್‌ಸ್ಕಿಯೇ. ಝೆಲೆನ್ಸ್ಕಿ ಅಂಕಾರಾಕ್ಕೆ ಹೋಗಿ ಎರ್ದೊಆನ್‌ರನ್ನು ಕಂಡರು, ನಿಯೋಗಗಳು ಮೇ 16ರಂದು ಎರಡು ಗಂಟೆಗೂ ಕಡಿಮೆ ಹೊತ್ತು ಕೂತು ತಲಾ 1,000 ಕೈದಿಗಳ ವಿನಿಮಯಕ್ಕೆ ಒಪ್ಪಿದವು. ಕರೆ ಕೊಟ್ಟವನ ವಾಕ್ಯವನ್ನು ನಿಧಾನವಾಗಿ ಓದಿದ್ದವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಿಲ್ಲ.

ಆಗಸ್ಟ್‌ನಲ್ಲಿ ಅದೇ ನಾಟಕ ದೊಡ್ಡ ರಂಗದಲ್ಲಿ ನಡೆಯಿತು. 15ರಂದು ಅಲಾಸ್ಕಾದಲ್ಲಿ ಟ್ರಂಪ್–ಪುಟಿನ್, 18ರಂದು ಶ್ವೇತಭವನದಲ್ಲಿ ಝೆಲೆನ್ಸ್ಕಿ ಮತ್ತು ಯುರೋಪಿನ ನಾಯಕರು. ಪುಟಿನ್–ಝೆಲೆನ್ಸ್ಕಿ ಭೇಟಿಯ ಏರ್ಪಾಡು ಶುರು ಮಾಡಿದ್ದೇನೆ ಎಂದು ಟ್ರಂಪ್ ಬರೆದರು. ಅದೇ ಫೋನ್ ಕರೆಯ ಬಗ್ಗೆ ಕ್ರೆಮ್ಲಿನ್‌ನ ಉಷಾಕೋವ್ ಹೇಳಿದ್ದು ಬೇರೆ: ಪ್ರತಿನಿಧಿಗಳ ಮಟ್ಟ ಏರಿಸುವ ವಿಚಾರ ಚರ್ಚೆಗೆ ಬಂತು, ಅಷ್ಟೆ. ಎರಡು ಕಡೆಯ ಪ್ರಕಟಣೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಹೆಚ್ಚು ಫಲ ಕೊಟ್ಟ ಅಭ್ಯಾಸ. ಎರಡರಲ್ಲೂ ಇರುವುದನ್ನು ಮಾತ್ರ ನಂಬುತ್ತೇನೆ. ಕೆಲವೇ ದಿನಗಳಲ್ಲಿ ಲಾವ್ರೋವ್, ಕಾರ್ಯಸೂಚಿಯೇ ಸಿದ್ಧವಾಗಿಲ್ಲ ಎಂದರು. ಸೆಪ್ಟೆಂಬರ್ 3ರಂದು ಬೀಜಿಂಗ್‌ನಲ್ಲಿ ಪುಟಿನ್, ಝೆಲೆನ್ಸ್ಕಿ ಬೇಕಾದರೆ ಮಾಸ್ಕೊಗೆ ಬರಲಿ ಎಂದರು. ಅವರೇ ಕೀವ್‌ಗೆ ಬರಲಿ ಎಂದು ಝೆಲೆನ್ಸ್ಕಿ ಉತ್ತರಿಸಿದರು. ಶತ್ರುವನ್ನು ತನ್ನ ರಾಜಧಾನಿಗೆ ಕರೆಯುವುದು ಸಭ್ಯ ನಿರಾಕರಣೆ. ಅಂಥ ಆಹ್ವಾನ ಬಂದ ದಿನ ಅಂಕಿ ಏರಿಸಬಾರದು.

ಇದರ ತಿರುಗುಮುರುಗು ರೂಪವೂ ಇದೆ. 2022ರ ಸೆಪ್ಟೆಂಬರ್ 30ರಂದು ರಷ್ಯಾ ನಾಲ್ಕು ಪ್ರದೇಶಗಳನ್ನು ಸೇರಿಸಿಕೊಂಡಿತು ಎಂದು ಘೋಷಿಸಿದ ಮೇಲೆ, ಅಕ್ಟೋಬರ್ 4ರಂದು ಉಕ್ರೇನ್ ಪುಟಿನ್ ಜೊತೆ ಮಾತುಕತೆ ಅಸಾಧ್ಯ ಎಂಬ ನಿರ್ಣಯಕ್ಕೆ ಅಧಿಕೃತ ಮುದ್ರೆ ಒತ್ತಿತು. ಆ ಮುದ್ರೆ ಇದ್ದಂತೆಯೇ 2025ರಲ್ಲಿ ಝೆಲೆನ್ಸ್ಕಿ ಟರ್ಕಿಗೆ ಹೋಗಿ ಕಾಯಲು ತಯಾರಾದರು. ಆಗುವುದಿಲ್ಲ ಎಂಬ ಘೋಷಣೆಗೂ ಆಗುತ್ತದೆ ಎಂಬ ಘೋಷಣೆಯಷ್ಟೇ ತೂಕ.

5. ಭೇಟಿ ಯಾರಿಗೆ ಲಾಭ ಎಂದು ಕೇಳಿ

ಎದುರಿಗೆ ಕೂರುವುದೇ ಒಂದು ಕೊಡುಗೆ. ಕೂತವನು ಎದುರಿನವನನ್ನು ಸಮಾನನೆಂದು, ಅಧಿಕೃತನೆಂದು ಒಪ್ಪಿದಂತೆ. ಝೆಲೆನ್ಸ್ಕಿಯ ಐದು ವರ್ಷದ ಅವಧಿ 2024ರ ಮೇನಲ್ಲಿ ಮುಗಿಯಬೇಕಿತ್ತು, ಸೇನಾ ಕಾನೂನು ಜಾರಿಯಲ್ಲಿದ್ದುದರಿಂದ ಚುನಾವಣೆ ನಡೆಯಲಿಲ್ಲ. ಅಂದಿನಿಂದ ಮಾಸ್ಕೊ, ಅವರ ಸಹಿಗೆ ಮಾನ್ಯತೆ ಇದೆಯೇ ಎಂದು ಕೆದಕುತ್ತಲೇ ಬಂದಿದೆ. ಹಾಗೆ ಕೆದಕುವವನು ನಾಳೆ ಅವರ ಕೈಕುಲುಕಿದರೆ ತನ್ನ ವಾದವನ್ನು ತಾನೇ ಬಿಟ್ಟುಕೊಟ್ಟ ಹಾಗೆ. ಬಿಟ್ಟುಕೊಡಲು ಏನಾದರೂ ದೊಡ್ಡದು ಸಿಗಬೇಕು. ಸಾಮಾನ್ಯವಾಗಿ ಭೇಟಿಗೆ ಆತುರ ಪಡುವವನು ಕಾಲ ಕಳೆದಂತೆ ತನಗೆ ನಷ್ಟ ಎಂದುಕೊಂಡವನು. ಮುಂದೂಡುವವನು ಕಾಲ ತನ್ನ ಕಡೆಗಿದೆ ಎಂದು ನಂಬಿದವನು. ಆ ನಂಬಿಕೆ ಸರಿಯೇ ಎಂಬುದು ಬೇರೆ ಮಾತು. ಅಂದಾಜಿಗೆ ಬೇಕಾದದ್ದು ಅವನು ಹಾಗೆ ನಂಬಿದ್ದಾನೆ ಎಂಬುದಷ್ಟೇ.

ಖೊಮೇನಿಯದು ಇನ್ನೂ ಬಿಗಿಯಾದ ಗಂಟು. ಸದ್ದಾಂ ಕೆಳಗಿಳಿಯಬೇಕು ಎಂಬುದೇ ಅವರ ಯುದ್ಧದ ಗುರಿಗಳಲ್ಲಿ ಒಂದು. ಯಾರನ್ನು ಇಳಿಸಲು ಹೋರಾಡುತ್ತಿದ್ದಾರೋ ಅವನ ಜೊತೆಗೇ ಕೂರುವ ಪ್ರಶ್ನೆ ಬಂದಾಗ ಶೇ. 1ಕ್ಕಿಂತ ಹೆಚ್ಚು ಕೊಡಲು ನನಗೆ ಕಾರಣ ಕಾಣುವುದಿಲ್ಲ.

6. ಕೊಳವೆ ಬೇರೆ, ದಾರಿ ಬೇರೆ

ಕೆಳಹಂತದ ಸಂಪರ್ಕ ಕಂಡ ತಕ್ಷಣ ನಾಯಕರ ಭೇಟಿ ಹತ್ತಿರವಾಯಿತು ಎನ್ನುವವರಿದ್ದಾರೆ. ರಷ್ಯಾ–ಉಕ್ರೇನ್ ನಡುವೆ ಕೈದಿಗಳ ವಿನಿಮಯ ಯುದ್ಧದುದ್ದಕ್ಕೂ ನಡೆದಿದೆ, ಮೃತ ಸೈನಿಕರ ದೇಹಗಳ ಹಸ್ತಾಂತರವೂ. ಭಾರತ–ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರ ನಡುವೆ ಹಾಟ್‌ಲೈನ್ ಇದೆ, 2025ರ ಮೇ 10ರ ಮಧ್ಯಾಹ್ನ ಗುಂಡು ನಿಲ್ಲಿಸಿದ ಕರೆ ಬಂದದ್ದು ಅದೇ ಮಟ್ಟದಲ್ಲಿ. ಇವೆಲ್ಲ ನಾಯಕರ ಭೇಟಿಯ ಅಗತ್ಯವನ್ನು ಕಡಿಮೆ ಮಾಡುವ ಕೊಳವೆಗಳು. ಕೆಲಸ ಕೆಳಗೇ ಆಗುತ್ತಿದ್ದರೆ ಮೇಲಿನವರು ಯಾಕೆ ಮೈಮೇಲೆ ಹಾಕಿಕೊಳ್ಳುತ್ತಾರೆ?

ನಾನು ಹುಡುಕುವುದು ಬೇರೆ ಥರದ ಸಂಪರ್ಕ: ನಾಯಕನ ಕಿವಿಗೆ ನೇರವಾಗಿ ಮಾತು ಮುಟ್ಟಿಸಬಲ್ಲವರು, ಗಡಿ ಅಥವಾ ನೆಲದಂಥ ಮೂಲ ವಿಷಯವನ್ನೇ, ಮೂರನೇ ದೇಶವೊಂದರಲ್ಲಿ ಗುಟ್ಟಾಗಿ ಚರ್ಚಿಸುತ್ತಿದ್ದಾರೆಯೇ ಎಂಬುದು. 1977ರ ಸೆಪ್ಟೆಂಬರ್‌ನಲ್ಲಿ ಈಜಿಪ್ಟಿನ ಉಪಪ್ರಧಾನಿ ಹಸನ್ ತುಹಾಮಿ ಮತ್ತು ಇಸ್ರೇಲಿನ ಮೋಶೆ ದಯಾನ್ ಮೊರಾಕೊದಲ್ಲಿ ಭೇಟಿಯಾದದ್ದು ಅಂಥದ್ದು. ಗುಟ್ಟಾದದ್ದು ನಮಗೆ ಹೇಗೆ ತಿಳಿಯಬೇಕು ಎಂದರೆ, ಬಹಳ ಸಲ ತಿಳಿಯುವುದಿಲ್ಲ. ತಿಳಿದರೂ ಖಾತ್ರಿಯಲ್ಲ. ಕಾರ್ಗಿಲ್ ಸಮಯದಲ್ಲಿ ಭಾರತದ ಆರ್. ಕೆ. ಮಿಶ್ರಾ ಮತ್ತು ಪಾಕಿಸ್ತಾನದ ನಿಯಾಜ್ ನಾಯಕ್ ತೆರೆಮರೆಯಲ್ಲಿ ಓಡಾಡಿದರು, ವಾಜಪೇಯಿ ಮತ್ತು ನವಾಜ್ ಷರೀಫ್ ಫೋನಿನಲ್ಲಿ ಮಾತಾಡಿದರು, ಆದರೂ ಯುದ್ಧ ಮುಗಿಯುವವರೆಗೆ ಭೇಟಿಯಾಗಲಿಲ್ಲ.

7. ಮಧ್ಯಸ್ಥನ ಉತ್ಸಾಹ ಬೇರೆ, ಹಿಡಿತ ಬೇರೆ

ತಾಷ್ಕೆಂಟ್‌ನಲ್ಲಿ ಸೋವಿಯತ್ ಪ್ರಧಾನಿ ಕೊಸಿಗಿನ್ ಶಾಸ್ತ್ರಿ, ಅಯೂಬ್ ಇಬ್ಬರನ್ನೂ ಕೂರಿಸಬಲ್ಲವರಾಗಿದ್ದರು. ಕ್ಯಾಂಪ್ ಡೇವಿಡ್‌ನಲ್ಲಿ ಕಾರ್ಟರ್ ಬಳಿ ಎರಡೂ ಕಡೆಗೆ ಕೊಡಲು ಹಣ, ಶಸ್ತ್ರ, ಭರವಸೆ ಇತ್ತು. ಮಧ್ಯಸ್ಥ ಏನು ಕೊಡಬಲ್ಲ, ಏನು ಕಿತ್ತುಕೊಳ್ಳಬಲ್ಲ ಎಂಬ ಎರಡು ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅವನ ಹೇಳಿಕೆಗಳನ್ನು ಹವಾಮಾನದಂತೆ ನೋಡಿ ಬಿಡುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಟ್ರಂಪ್–ಪುಟಿನ್ ಸಭೆ ಎಂದು ಘೋಷಣೆಯಾಯಿತು, ಒಂದು ವಾರದೊಳಗೆ ರದ್ದಾಯಿತು. ಅದು ಯುದ್ಧ ಮಾಡುತ್ತಿದ್ದ ಇಬ್ಬರ ಭೇಟಿಯೂ ಅಲ್ಲ, ಮಧ್ಯಸ್ಥನ ಸ್ವಂತ ಭೇಟಿ.

ಕೆಲವು ದೇಶಗಳಿಗೆ ಮಧ್ಯಸ್ಥ ಎಂದರೇ ಆಗದು. ಶಿಮ್ಲಾ ಒಪ್ಪಂದದ ನಂತರ ಭಾರತದ ನಿಲುವು ದ್ವಿಪಕ್ಷೀಯ. 1999ರ ಜುಲೈ 4ರಂದು ಷರೀಫ್ ವಾಷಿಂಗ್ಟನ್‌ಗೆ ಓಡಿದಾಗ ವಾಜಪೇಯಿ ಹೋಗಲಿಲ್ಲ. ಹಾಗಾಗಿ ಭಾರತ–ಪಾಕ್ ಪ್ರಶ್ನೆಯಲ್ಲಿ ಹೊರಗಿನವರು ‘ನಾನು ಕೂರಿಸುತ್ತೇನೆ’ ಎಂದಾಗ ನನ್ನ ಅಂಕಿ ಅಲುಗುವುದಿಲ್ಲ. ಅಲುಗಿದರೂ ಕೆಳಕ್ಕೆ.

8. ಕುರ್ಚಿಯಲ್ಲಿ ಹೊಸಬ ಬಂದರೆ ಹಳೆಯ ಲೆಕ್ಕ ಹರಿದುಹಾಕಿ

ಅಲ್ಜೀರ್ಸ್ ಒಪ್ಪಂದದ ಮೇಲೆ ಇಥಿಯೋಪಿಯಾ–ಎರಿಟ್ರಿಯಾ ನಡುವೆ ಹದಿನೆಂಟು ವರ್ಷ ಹೆಪ್ಪುಗಟ್ಟಿದ ಮೌನ. 2018ರ ಏಪ್ರಿಲ್ 2ರಂದು ಅಬಿಯ್ ಅಹ್ಮದ್ ಇಥಿಯೋಪಿಯಾದ ಪ್ರಧಾನಿಯಾದರು, ಜೂನ್‌ನಲ್ಲಿ ಒಪ್ಪಂದವನ್ನು ಪೂರ್ತಿ ಒಪ್ಪುತ್ತೇವೆ ಎಂದರು, ಜುಲೈ 8ರಂದು ಅಸ್ಮಾರಾದಲ್ಲಿ ಇಸಾಯಾಸ್‌ರನ್ನು ತಬ್ಬಿಕೊಂಡರು. ನೂರು ದಿನಕ್ಕೂ ಕಡಿಮೆ. ಕೊರಿಯಾದಲ್ಲೂ ಎರಡು ವರ್ಷ ಕುಂಟಿದ ಮಾತುಕತೆ 1953ರ ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡ ಮೇಲೆ ವೇಗ ಹಿಡಿಯಿತು. ಅಲ್ಲಿ ಬದಲಾದದ್ದು ಹೋರಾಡುತ್ತಿದ್ದವರ ಕುರ್ಚಿಯಲ್ಲ, ಬೆನ್ನಿಗೆ ನಿಂತವನ ಕುರ್ಚಿ. ಅದನ್ನೂ ಗಮನದಲ್ಲಿ ಇಡಬೇಕು. ಗಡುವಿನೊಳಗೆ ಚುನಾವಣೆ ಇದೆಯೇ, ಮುದಿ ನಾಯಕನಿದ್ದಾನೆಯೇ ಎಂದು ಮೊದಲ ದಿನವೇ ಬರೆದಿಟ್ಟುಕೊಳ್ಳುತ್ತೇನೆ.

9. ಸೊನ್ನೆ ಬರೆಯಬೇಡಿ

1977ರ ನವೆಂಬರ್ 9ರಂದು ಸಾದಾತ್ ತಮ್ಮ ಸಂಸತ್ತಿನಲ್ಲಿ, ಶಾಂತಿಗಾಗಿ ಇಸ್ರೇಲಿನ ಸಂಸತ್ತಿಗೂ ಹೋಗಲು ಸಿದ್ಧ ಎಂದರು. ಭಾಷಣದ ಅಲಂಕಾರ ಎಂದುಕೊಂಡವರೇ ಹೆಚ್ಚು. ಹತ್ತು ದಿನದ ಮೇಲೆ, 19ರ ಸಂಜೆ, ಅವರ ವಿಮಾನ ಬೆನ್ ಗುರಿಯನ್ ನಿಲ್ದಾಣದಲ್ಲಿ ಇಳಿಯಿತು. ನಾನು ನಾಲ್ಕನೇ ಪಾಠದಲ್ಲಿ ಹೇಳಿದ್ದನ್ನೆಲ್ಲ ಅಕ್ಷರಶಃ ಪಾಲಿಸಿದವನು ಆ ದಿನ ಪೂರ್ತಿ ಮುಳುಗುತ್ತಿದ್ದ. 2015ರ ಡಿಸೆಂಬರ್ 25ರಂದು ಕಾಬೂಲ್‌ನಿಂದ ಹೊರಟ ಮೋದಿ ಲಾಹೋರ್‌ನಲ್ಲಿ ಇಳಿದದ್ದೂ ಹಾಗೆಯೇ. ಅದು ಯುದ್ಧಕಾಲವಲ್ಲ, ಆದರೆ ಹಿಂದಿನ ದಿನ ಆ ಪ್ರಶ್ನೆ ಕೇಳಿದ್ದರೆ ಯಾರು ಎಷ್ಟು ಕೊಡುತ್ತಿದ್ದರು?

ಅಂಕದ ಲೆಕ್ಕವೂ ಇದನ್ನೇ ಹೇಳುತ್ತದೆ. ಬ್ರಿಯರ್ ಲೆಕ್ಕದ ಸರಳ ರೂಪದಲ್ಲಿ ತಪ್ಪಿನ ವರ್ಗವೇ ದಂಡ. ಶೇ. 3 ಎಂದವನು ಶೇ. 1ಕ್ಕೆ ಇಳಿದರೆ, ಭೇಟಿ ಆಗದಿದ್ದಾಗ ಉಳಿಯುವುದು 0.0008. ಆಗಿಬಿಟ್ಟರೆ ಹೆಚ್ಚುವರಿ ದಂಡ 0.0392, ಅಂದರೆ 49 ಪಟ್ಟು. ನಿಜವಾದ ಸಾಧ್ಯತೆ ಶೇ. 2ಕ್ಕಿಂತ ಕೆಳಗಿದೆ ಎಂಬ ಖಾತ್ರಿ ಇದ್ದವನಿಗೆ ಮಾತ್ರ ಆ ಇಳಿಕೆ ಲಾಭ. ಒಬ್ಬ ಮನುಷ್ಯನ ಮನಸ್ಸಿನ ಬಗ್ಗೆ ಅಷ್ಟು ಖಾತ್ರಿ ನನಗೆ ಅಪರೂಪಕ್ಕೆ ಬರುತ್ತದೆ.

10. ಒಂದೊಂದು ಮೆಟ್ಟಿಲಿಗೂ ಬೆಲೆ ಕಟ್ಟಿ, ಆದರೆ ಭೇಟಿಗೂ ಶಾಂತಿಗೂ ಬೇರೆ ಖಾತೆ ತೆರೆಯಿರಿ

ಇಬ್ಬರೂ ತಾತ್ವಿಕವಾಗಿ ಒಪ್ಪಲು ಶೇ. 60, ಒಪ್ಪಿದರೆ ಸ್ಥಳ ನಿಗದಿಯಾಗಲು ಶೇ. 50, ಅದೂ ಆದರೆ ಕಾರ್ಯಸೂಚಿ ಕುದುರಲು ಶೇ. 40. ಮೂರೂ ಉದಾರ ಅಂಕಿಗಳೇ. ಗುಣಿಸಿದರೆ ಶೇ. 12. ಸ್ಥಳವೇನು ಮಹಾ ಎನ್ನುವವರಿಗೆ ವಿಯೆಟ್ನಾಂ ಯುದ್ಧದ ಪ್ಯಾರಿಸ್ ಮಾತುಕತೆ ನೆನಪಿಸುತ್ತೇನೆ. 1968ರ ಕೊನೆಯಲ್ಲಿ, ಮೇಜಿನ ಆಕಾರ ಯಾವುದಿರಬೇಕು ಎಂಬ ಜಗಳದಲ್ಲೇ ವಾರಗಳು ಕಳೆದವು. ಅಲ್ಲಿ ಇನ್ನೂ ನಾಯಕರೇ ಇರಲಿಲ್ಲ.

ಇನ್ನು ಎರಡನೇ ಖಾತೆ. ಭೇಟಿಯಾದರೆ ಯುದ್ಧ ನಿಲ್ಲುತ್ತದೆ, ನಿಲ್ಲಬೇಕಾದರೆ ಭೇಟಿಯಾಗಲೇಬೇಕು ಎಂದು ಎರಡನ್ನೂ ಒಂದೇ ಅಂಕಿಯಲ್ಲಿ ಕಟ್ಟುವವರು ಬಹಳ. 2001ರ ಜುಲೈನಲ್ಲಿ ಆಗ್ರಾದಲ್ಲಿ ವಾಜಪೇಯಿ ಮತ್ತು ಮುಷರಫ್ ಕೂತರು, ಜಂಟಿ ಹೇಳಿಕೆಯಿಲ್ಲದೆ ಎದ್ದರು, ಆರು ತಿಂಗಳು ತುಂಬುವ ಹೊತ್ತಿಗೆ ಎರಡೂ ಸೇನೆ ಗಡಿಯಲ್ಲಿ ಜಮಾಯಿಸಿದ್ದವು. ಇನ್ನೊಂದು ಕಡೆ, ನಾಯಕರ ಭೇಟಿಯಿಲ್ಲದೆಯೇ ಯುದ್ಧ ನಿಂತದ್ದೂ ಇದೆ: 1987ರ ಜುಲೈ 20ರಂದು ಭದ್ರತಾ ಮಂಡಳಿ ಇರಾನ್–ಇರಾಕ್ ಕದನವಿರಾಮಕ್ಕಾಗಿ 598ನೇ ನಿರ್ಣಯ ಹೊರಡಿಸಿದಾಗ ಇರಾನ್ ಒಪ್ಪಲಿಲ್ಲ. ಒಂದು ವರ್ಷದ ಮೇಲೆ ಒಪ್ಪಿತು. 1988ರ ಆಗಸ್ಟ್ 20ರಂದು ಗುಂಡು ನಿಂತಿತು, ವಿದೇಶಾಂಗ ಸಚಿವರಾದ ವೆಲಾಯತಿ ಮತ್ತು ತಾರಿಕ್ ಅಜೀಜ್ ಜಿನೀವಾದಲ್ಲಿ ಕೂತರು. ಸದ್ದಾಂ ಟೆಹರಾನ್‌ಗೆ ಪತ್ರ ಬರೆಯತೊಡಗಿದ್ದು 1990ರಲ್ಲಿ, ಅದೂ ಆಗಿನ ಅಧ್ಯಕ್ಷ ರಫ್ಸಂಜಾನಿಗೆ. ಆ ಹೊತ್ತಿಗೆ ಖೊಮೇನಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.